ಜಲ್ಲಿಗಿಳಿದರೂ ಬೀಳದ ಸೈಕಲ್

ಸಂಡೂರಿನ ಸೈಕಲ್ ಅಂಗಡಿಯ ಮುಂದೆ ಮೊಮ್ಮಗಳು ಶಾಂತಾ ಎರಡನೆಯ ಸಲ ಬಿದ್ದು ಎದ್ದಳು. ಅದಿರಿನ ಲಾರಿ ಬಂದರೆ ಡಾಂಬರು ಬಿಟ್ಟು ಪಕ್ಕದ ಜಲ್ಲಿಗೆ ಇಳಿಯಲೇಬೇಕು. ಅಲ್ಲಿ ತೆಳು ಟೈರಿನ ರೇಸ್ ಸೈಕಲ್ ಜಾರಿತ್ತು. ದೂರದ ಸವಾರಿಗೆ ಸುಖವೆಂದು ಕೊಟ್ಟ ಇನ್ನೊಂದೂ ಜಾರಿತು. ನಮ್ಮೂರಿಗೆ ಬಸ್ಸು ನಿಂತುಹೋಗಿತ್ತು. ಸೈಕಲ್ ಒಗ್ಗದಿದ್ದರೆ ಕಾಲೇಜು ಬಿಡಿಸುತ್ತೇನೆಂದು ಅವಳ ಅಪ್ಪ, ಅಂದರೆ ನನ್ನ ಮಗ, ಮೊದಲೇ ಹೇಳಿದ್ದ.

ಅಂಗಡಿಯವರು ದಪ್ಪ ಟೈರಿನದನ್ನು ಹೊರಗೆ ತಂದರು. “ಇದು ಭಾಳ ಜೋರ ಹೋಗಂಗಿಲ್ಲಮ್ಮ.”

“ಕಾಲೇಜು ಅಲ್ಲೇ ಇರ್ತೈತಿ, ಕೊಡ್ರಿ,” ಎಂದೆ.

ಶಾಂತಾ ಹತ್ತಿದಳು. ಲಾರಿ ಬಂತು. ಅವಳು ಜಲ್ಲಿಗೆ ಇಳಿದು ಕೆಂಪು ಧೂಳಿನಲ್ಲಿ ಮುಚ್ಚಿಹೋದಳು. ಧೂಳು ಇಳಿದಾಗ ಆಚೆ ಇನ್ನೂ ಪೆಡಲ್ ತುಳಿಯುತ್ತಿದ್ದಳು.

“ಬೀಳ್ಲಿಲ್ಲಲ್ಲ ಬೇ,” ಎಂದ ಪಕ್ಕದಲ್ಲೇ ನಿಂತಿದ್ದ ಮಗ.

“ಇಲ್ಲ,” ಎಂದೆ.

ನಮ್ಮ ಮನೆಯಲ್ಲಿ ಕಾಲೇಜು ಕಂಡ ಹೆಣ್ಣು ಅವಳೊಬ್ಬಳೇ. ಮೂರನೆಯ ತರಗತಿಗೆ ಶಾಲೆ ಬಿಟ್ಟ ನಾನು ಈಗ ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ ಟೈರಿನ ವಿಷಯ ಹೇಳುತ್ತೇನೆ. ಅದನ್ನು ತಿಳಿಯಬೇಕೆಂದು ಬಂದವರು ಇದುವರೆಗೆ ಯಾರೂ ಇಲ್ಲ. ಆದರೂ ಪೂರ್ತಿ ಹೇಳುತ್ತೇನೆ.