ಅಜ್ಜಿ ತುಂಬಿಸಿದ ಬಾಟಲಿ

ಆಂಧ್ರ ಗಡಿಯ ಆಲೂರು ಕಡೆಯ ನಮ್ಮೂರಿನಲ್ಲಿ ಆಗ ನೀರನ್ನು ನಾಲಿಗೆಯಿಂದಲೇ ಪರೀಕ್ಷಿಸುತ್ತಿದ್ದೆವು. ಊರಾಚೆಯ ಬಾವಿ ಸಿಹಿ. ಮನೆ ಮುಂದಿನ ಬೋರಿಂಗ್ ಸಪ್ಪೆ, ಜೊತೆಗೆ ಕಬ್ಬಿಣದ ವಾಸನೆ. ಆದರೂ ಅದು ನಮ್ಮ ಆಟದ ಸಾಮಾನು. ನಾನು ಹಿಡಿಕೆಗೆ ಜೋತುಬಿದ್ದರೆ ನಾಲ್ಕು ವರ್ಷದ ತಂಗಿ ಶಾರಿ ಕೆಳಗೆ ತಲೆಯೊಡ್ಡಿ ಕಿರುಚುತ್ತಿದ್ದಳು.

ಪಕ್ಕದ ಓಣಿಯ ಮಕ್ಕಳ ಹಲ್ಲು ಕಂದುಗಟ್ಟಿದ್ದು ನೋಡಿ ಅವ್ವನಿಗೆ ಬೋರಿಂಗಿನ ಮೇಲೆ ಅನುಮಾನ. ಶಾರಿಗೆ ಕುಡಿಯಲು ದಿನಾ ಬಾವಿಯಿಂದ ನೀರು ತರುತ್ತಿದ್ದಳು. ಒಂದು ಕೊಡ ನನ್ನ ಸೊಂಟಕ್ಕೆ. ಐದನೇ ಕ್ಲಾಸಿನ ನನಗೆ ಅದು ಯಾವ ಜನ್ಮದ ಶಿಕ್ಷೆಯೋ ಎನಿಸುತ್ತಿತ್ತು.

ಅವ್ವ ಪಂಚಾಯಿತಿಗೆ ಅಲೆದೂ ಅಲೆದೂ ಕೊನೆಗೆ ಆದೋನಿಯಿಂದ ನೀರು ಪರೀಕ್ಷೆಯವರೊಬ್ಬರು ಬಂದರು. ಒಂದು ಬಾಟಲಿ ಕೊಟ್ಟು, "ಬೋರಿಂಗ್ ನೀರೇ ತುಂಬಿಡ್ರಮ್ಮಾ, ಮಧ್ಯಾಹ್ನ ಬಂದು ಒಯ್ತೀನಿ" ಎಂದು ಮುಂದಿನ ಊರಿಗೆ ಹೋದರು. ಅವ್ವ ತುಂಬಿ, ಗೂಡಿನಲ್ಲಿಟ್ಟು, ಹೊಲಕ್ಕೆ ಹೋದಳು.

ಅಜ್ಜಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಬಾಟಲಿ ಮೂಸಿದಳು.

"ಥೂ, ಈ ನೀರು ಹೊರಗಿನ ಮಂದಿಗೆ ಕೊಡೋದಾ?"

"ಅಜ್ಜಿ, ಬೋರಿಂಗಿಂದೇ ಬೇಕಂತ ಹೇಳ್ಯಾರ."

"ಹೇಳ್ತಾರ. ಉಣ್ಣಾಕ ಬಂದವ್ರು ಇದ್ದದ್ದು ಹಾಕ್ರಿ ಅಂತಾರ. ಹಂಗಂತ ತಂಗಳ ಹಾಕ್ತೀವೇನು? ಆಫೀಸಿನ್ಯಾಗ ನಾಕು ಮಂದಿ ನೋಡೂ ನೀರು. ಹಿಡಿ ಅರಿವಿ!"

ನಾನು ಬಟ್ಟೆ ಹಿಡಿದೆ. ಅಜ್ಜಿ ಬೋರಿಂಗ್ ನೀರು ಚೆಲ್ಲಿ, ಶಾರಿಯ ಬಾವಿನೀರನ್ನು ಸೋಸಿ ಬಾಟಲಿ ತುಂಬಿಸಿದಳು.

ತಿಂಗಳಾದ ಮೇಲೆ ಅದೇ ಪರೀಕ್ಷೆಯವರು ಕಾಗದ ಹಿಡಿದು ಬಂದು ತೆಲುಗು ಬೆರೆಸಿ ಹೇಳಿದರು. "ನೀಳ್ಳು ಬಾಗುನ್ನಾಯಮ್ಮಾ! ಚೊಲೋ ಅದಾವ. ಧೈರ್ಯವಾಗಿ ಕುಡೀರಿ."

"ನಮ್ಮೂರ ನೀರಂದ್ರ ಏನಂದ್ಕೊಂಡ್ರಿ!" ಎಂದಳು ಅಜ್ಜಿ, ಎದೆಯುಬ್ಬಿಸಿ.

ಅವ್ವ ಕಾಗದವನ್ನು ನಂಬಿದಳು. ಮರುದಿನದಿಂದ ಬಾವಿಗೆ ಹೋಗುವುದು ನಿಂತಿತು. ಅಜ್ಜಿಯ ಬೈಗುಳಕ್ಕೆ ಹೆದರಿ ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ, ಕೊಡ ಹೊರುವುದು ತಪ್ಪಿತಲ್ಲ!

ಕೆಲವು ವರ್ಷಗಳ ಬಳಿಕ ಮತ್ಯಾರೋ ಬಂದರು, ತಾವೇ ಬೋರಿಂಗ್ ಹೊಡೆದು ನೀರು ಒಯ್ದರು. ಫ್ಲೋರೈಡ್ ಹೆಚ್ಚಿದೆ, ಕುಡಿಯಬೇಡಿ ಎಂದು ಬೋರಿಂಗಿಗೆ ಕೆಂಪು ಬಣ್ಣ ಬಳಿದರು. ಅಜ್ಜಿ, "ಚೊಲೋ ಇದ್ದ ನೀರು ಯಾವಾಗ ಕೆಟ್ಟಿತವ್ವಾ?" ಎಂದು ಬೆರಗಾದಳು. ಅಷ್ಟರಲ್ಲಿ ಶಾರಿಯ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಿದ್ದವು. ಕಂದು ಗೆರೆಗಳ ಸಮೇತ.

ಈಗ ನನ್ನ ಚೀಲದಲ್ಲಿ ನೀರು ಪರೀಕ್ಷಿಸುವ ಪೆಟ್ಟಿಗೆ ಸದಾ ಇರುತ್ತದೆ. ಯಾರ ಮನೆಗೆ ಹೋದರೂ ಕೊಟ್ಟ ಲೋಟಕ್ಕೆ ಹನಿ ಬಿಟ್ಟು ಬಣ್ಣ ನೋಡುತ್ತೇನೆ. "ಅದು ಮಜ್ಜಿಗಿ, ಮಾರಾಯ್ತಿ, ಕುಡಿ!" ಎಂದು ಗಂಡ ತಲೆ ಚಚ್ಚಿಕೊಳ್ಳುತ್ತಾರೆ. ಕರೆದು ನೀರು ಕೊಡುವವರೂ ಕಡಿಮೆಯಾಗಿದ್ದಾರೆ.

ಮೊನ್ನೆ ಮದ್ದಿಕೇರದಲ್ಲಿರುವ ಶಾರಿಯ ಮನೆಗೆ ಹೋದಾಗ ಕೊನೆಗೂ ಬಾಟಲಿಯ ಕಥೆ ಹೇಳಿಬಿಟ್ಟೆ. ಬೈಯುತ್ತಾಳೆಂದುಕೊಂಡಿದ್ದೆ.

"ಅಜ್ಜಿ ನನ್ನ ನೀರೇ ಕೊಟ್ಟು ಊರ ಮರ್ಯಾದಿ ಉಳಿಸ್ಯಾಳಲ್ಲಕ್ಕ!" ಎಂದು ಗಹಗಹಿಸಿ ನಕ್ಕಳು. ನಗುವಾಗ ಸೆರಗು ತಾನಾಗಿಯೇ ಬಾಯಿಗೆ ಹೋಯಿತು. ಹಾಲುಹಲ್ಲುಗಳು ಉದುರಿದ ಮೇಲೆ ಶಾರಿ ಬಾಯಿ ಮುಚ್ಚಿಕೊಳ್ಳದೆ ನಕ್ಕಿದ್ದನ್ನು ನಾನು ನೋಡಿಲ್ಲ.