ಪದವಿಪತ್ರದ ಗಾಜು

ನನ್ನ ಎಂ.ಎಸ್ಸಿ. ಪದವಿಪತ್ರಕ್ಕೆ ಚೌಕಟ್ಟಿದೆ, ಗಾಜಿಲ್ಲ. ಒಡೆದುಹೋಯಿತೆಂದು ನೀವು ಮರುಗಬೇಕಾಗಿಲ್ಲ. ಅದನ್ನು ನಾನು ವಿಜ್ಞಾನಕ್ಕೆ ಧಾರೆಯೆರೆದಿದ್ದೇನೆ.

ಐವತ್ತರ ದಶಕದ ಕೊನೆಯ ಮಾತು. ಧಾರವಾಡದಿಂದ ಬಂದ ನಾನು ಮುಂಬಯಿಯ ಗ್ರಾಂಟ್ ರೋಡಿನ ಸಣ್ಣ ಶಾಯಿ ಕಾರ್ಖಾನೆಯೊಂದರಲ್ಲಿ ಹಂಗಾಮಿ ಕೆಮಿಸ್ಟ್. ಪ್ರಯೋಗಶಾಲೆಯೆಂದರೆ ಒಂದು ಮೇಜು, ಒಂದು ನಲ್ಲಿ ಮತ್ತು ಜರ್ಮನಿಗೆ ಹೋಗಿಬಂದ ನಮ್ಮ ಸಾಹೇಬರು. ಶಾಯಿಯಲ್ಲಿ ಯಾವ ಯಾವ ಬಣ್ಣ ಬೆರೆತಿದೆಯೆಂದು ನೋಡಲು ಕಾಗದದ ಪಟ್ಟಿ ಬಳಸುತ್ತಿದ್ದೆವು. ಕೆಳತುದಿಯಲ್ಲಿ ಒಂದು ಚುಕ್ಕೆ ಶಾಯಿ ಇಟ್ಟು ಅಂಚನ್ನು ನೀರಿಗೆ ತಾಗಿಸಿದರೆ, ಮೇಲೇರುವ ನೀರು ಬಣ್ಣಗಳನ್ನು ಎಳೆದೊಯ್ದು ಒಂದೊಂದನ್ನು ಒಂದೊಂದು ಎತ್ತರದಲ್ಲಿ ಬಿಡುತ್ತದೆ. ಇಷ್ಟು ಸುಲಭವಾಗಿ ಕೆಲಸವಾಗುವುದು ಸಾಹೇಬರಿಗೆ ನಾಚಿಕೆಯೆನಿಸಿತು.

“ಕಾಗದದ ಕಾಲ ಮುಗಿಯಿತು ಮಾರಾಯ್ರೆ,” ಎಂದರು ಉಡುಪಿ ಕಡೆಯವರಾದ ಅವರು. “ಈಗ ಅಲ್ಲಿ ಎಲ್ಲ ಗಾಜಿನ ಮೇಲೆ, ತೆಳು ಲೇಪ ಹಚ್ಚಿ. ನೀವೊಂದು ಮಾಡಿ ತನ್ನಿ. ಮತ್ತೆ ನಿಮ್ಮನ್ನು ಖಾಯಂ ಮಾಡುವ ವಿಷಯ ನೋಡುವ.”

ಸಲಕರಣೆ ತರಿಸಲು ವಿದೇಶಿ ವಿನಿಮಯ ಸಿಗುವುದಿಲ್ಲವಂತೆ. ನನಗೆ ಭಾನುವಾರವಾದರೂ ಸಿಗುತ್ತದಲ್ಲ! ಖಾಯಂ ಆಗದಿದ್ದರೆ ಊರಿಗೆ ಮರಳಿ ಮಾವನ ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯಬೇಕು. ಆ ಭಯ ನನ್ನ ವಿಜ್ಞಾನಪ್ರೇಮವನ್ನು ಬಹಳ ಹೆಚ್ಚಿಸಿತು.

ಸಾಂತಾಕ್ರೂಜಿನ ಚಾಳಿನ ನಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಗಾಜಿದ್ದದ್ದು ಗಣಪತಿಯ ಪಟಕ್ಕೆ, ಮದುವೆಯ ಫೋಟೋಕ್ಕೆ ಮತ್ತು ನನ್ನ ಪದವಿಪತ್ರಕ್ಕೆ. ನಾನು ಕೈ ಚಾಚುವ ಮೊದಲೇ ಹೆಂಡತಿ ಶಾರದೆ ತೀರ್ಪು ಕೊಟ್ಟಳು: “ನಿಮ್ಮ ಡಿಗ್ರೀದು ತಗೋರಿ. ಅದನ್ನ ಯಾರು ನೋಡ್ತಾರ?”

ಸಿಲಿಕಾ ಪುಡಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬೆರೆಸಿ ನೀರಲ್ಲಿ ಕಲಸಿ, ಗಟ್ಟಿಯಾಗುವ ಮೊದಲೇ ಗಾಜಿನ ಮೇಲೆ ಸಮನಾಗಿ ಎಳೆಯಬೇಕು. ನನ್ನದು ಒಂದು ಬದಿಗೆ ಖಂಡಾಲಾ ಘಾಟಿನ ಏರು, ಇನ್ನೊಂದು ಬದಿಗೆ ಚೌಪಾಟಿಯ ಸಪಾಟು ಮರಳು. ಒಣಗಿದ ಮೇಲೆ ಕಾಯಿಸಿ ತೇವ ಓಡಿಸಬೇಕು. ರೊಟ್ಟಿಯ ಹಂಚಿನ ಮೇಲಿಟ್ಟು ಓಡಿಸಿದೆ. ಮಳೆಗಾಲದ ಮುಂಬಯಿಯಲ್ಲಿ ಓಡಿಹೋದ ತೇವ ಕಿಟಕಿಯಿಂದ ತಿರುಗಿ ಬರಲು ಎಷ್ಟು ಹೊತ್ತು? ಉಪ್ಪಿನಕಾಯಿ ಜಾಡಿಗೆ ಸ್ಪಿರಿಟ್ ಹಾಕಿ ಅದರಲ್ಲಿ ಶಾಯಿಯ ಚುಕ್ಕೆಯಿಟ್ಟ ಗಾಜು ನಿಲ್ಲಿಸಿದರೆ ಬಣ್ಣ ಮೇಲೇಳಲಿಲ್ಲ, ವಾಸನೆ ಎದ್ದಿತು. ಪಾನನಿರೋಧದ ದಿನಗಳು. ಅದುವರೆಗೆ ನನ್ನ ಮುಖವನ್ನೂ ನೋಡದಿದ್ದ ಪಕ್ಕದ ಖೋಲಿಯ ಗೃಹಸ್ಥರು ಸಂಜೆ ತಾವಾಗಿ ಬಂದು ಬಹಳ ಸ್ನೇಹದಿಂದ ಕೂತರು.

ತೊಳೆದೆ, ಬಳಿದೆ, ಮತ್ತೆ ತೊಳೆದೆ. ಆಷಾಢ ಕಳೆದು ಶ್ರಾವಣ ಬಂತು. ಕೊನೆಗೊಂದು ಭಾನುವಾರ ನೋಡಲು ಲಕ್ಷಣವಾದ ಲೇಪ ಕೂತಿತು. ಮರುದಿನ ಗಾಜನ್ನು ಟವೆಲಿನಲ್ಲಿ ಸುತ್ತಿಕೊಂಡೆ. ಖಾಯಂ ಮಾಡುವುದಕ್ಕೆ ಪದವಿಪತ್ರವೂ ಬೇಕೆಂದಿದ್ದರು, ಅದನ್ನು ಗೋಡೆಯಿಂದ ಇಳಿಸಿದೆ. ಮೇಲಿನ ಮನೆಯ ಮೋರಿಯ ನೀರು ಗೋಡೆಯಲ್ಲಿ ಇಳಿದು, ಪತ್ರದ ಕೆಳಗಿನ ಅಂಚನ್ನು ನೆನೆಸಿ, ಅಲ್ಲಿಂದ ಮೇಲೇರಿತ್ತು. ದಾರಿಯಲ್ಲಿ ಸಿಕ್ಕ ಉಪಕುಲಪತಿಗಳ ಸಹಿ ಕರಗಿ ಕೆಳಗೆ ನೀಲಿ, ಅದರ ಮೇಲೆ ನೇರಳೆ, ಇನ್ನೂ ಮೇಲೆ ಗುಲಾಬಿ ಪಟ್ಟೆಯಾಗಿ ನಿಂತಿತ್ತು. ನನಗೆ ನಿಜವಾಗಿ ಅಳು ಬಂತು. ಆದರೆ ಲೋಕಲ್ ರೈಲು ಯಾರ ಅಳುವಿಗೂ ಕಾಯುವುದಿಲ್ಲ.

ಆ ನೂಕುನುಗ್ಗಲಿನಲ್ಲಿ ಹೇಗೋ ಗಾಜು ಉಳಿಸಿಕೊಂಡು ಬಂದು ಸಾಹೇಬರ ಮುಂದೆ ಟವೆಲು ಬಿಚ್ಚಿದೆ. ಲೇಪವೆಲ್ಲ ಟವೆಲಿಗೆ ಅಂಟಿತ್ತು. ಗಾಜು ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುತ್ತಿತ್ತು. ಸಾಹೇಬರು ಪದವಿಪತ್ರಕ್ಕೆ ಕೈ ಚಾಚಿದರು. ನೋಡಿದರು. ಕನ್ನಡಕ ಏರಿಸಿ ಕಿಟಕಿಯ ಬೆಳಕಿಗೆ ಹಿಡಿದರು.

“ಎಷ್ಟು ಚಂದ ಬೇರೆಯಾಗಿದೆ ಮಾರಾಯ್ರೆ! ಎಲ್ಲಿ ಮಾಡಿದ್ದು ಇದು?”

ಮೋರಿಯ ಹೆಸರು ಹೇಳಲು ಬಾಯಿ ಬರಲಿಲ್ಲ. “ಮನೆಯಲ್ಲೇ ಸರ್,” ಎಂದೆ.

ಆ ವಾರವೇ ನಾನು ಖಾಯಂ ಆದೆ. ಕಾಗದದ ಕಾಲ ಸದ್ದಿಲ್ಲದೆ ಮರಳಿ ಶುರುವಾಯಿತು. ಗಾಜನ್ನು ಸಾಹೇಬರು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು, ಆಧುನಿಕತೆಯ ಗುರುತಿಗೆ.

ಪತ್ರ ಮತ್ತೆ ಗೋಡೆ ಸೇರಿದೆ. ಬಂದವರು ಗಣಪತಿಗೆ ಕೈಮುಗಿದು, ಮದುವೆಯ ಫೋಟೋ ದಾಟಿ, ಅದರ ಮುಂದೆ ನಿಂತು ಬಣ್ಣಗಳನ್ನು ನೋಡುತ್ತಾರೆ. ಇದೇನೆಂದು ಕೇಳಿದರೆ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಶಾರದೆ ಹೇಳಿಬಿಡುತ್ತಾಳೆ:

“ನಮ್ಮವರ ಪ್ರಯೋಗರೀ. ಇದೊಂದಕ್ಕ ಅವರು ಕೈ ಹಚ್ಚಲಿಲ್ಲ. ಅದಕ್ಕ ಛಲೋ ಆತು.”