ಮೈಕ್ ಸಾಹೇಬರು ಕೂಗಿದ ಲಿಂಕು

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ನಲವತ್ತು ವರ್ಷ ಮೈಕಿನ ಗುಂಡಿ ಒತ್ತಿ ಹಿಡಿದ ಬೆರಳು ಅದು. ಕೈಯಲ್ಲಿ ಮೈಕ್ ಇಲ್ಲದಾಗಲೂ ಮಾತು ಶುರುವಾದರೆ ತಾನಾಗಿ ಮಡಚಿಕೊಳ್ಳುತ್ತಿತ್ತು. ಕೊಪ್ಪದಲ್ಲಿ ಎಲ್ಲರಿಗೂ ಅವರು ಮೈಕ್ ಸಾಹೇಬರು. ಆಟೋದ ನೆತ್ತಿಗೆ ಧ್ವನಿವರ್ಧಕದ ಹಾರ್ನ್ ಕಟ್ಟಿಕೊಂಡು, ಕರೆಂಟ್ ಇಲ್ಲದ ದಿನ, ಕಣ್ಣಿನ ಶಿಬಿರ, ನಾಟಕ, ಕಳೆದುಹೋದ ಎಮ್ಮೆ ಎಲ್ಲವನ್ನೂ ಊರಿಗೆ ತಿಳಿಸುತ್ತಿದ್ದವರು ಅವರೇ.

ಒಂದು ಸೋಮವಾರ ಒಳ್ಳೆಯ ಮೈಕ್ ಬಾಡಿಗೆಗೆ ಸಿಗುತ್ತದೆಯೇ ಎಂದು ಕೇಳಲು ಅವರ ಅಂಗಡಿಗೆ ಹೋದೆ. ಭದ್ರಾ ಹಿನ್ನೀರಿನಲ್ಲಿ ಮುಳುಗಡೆಯಾದ ಊರುಗಳಲ್ಲಿ ಹುಟ್ಟಿ, ಈಗ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಇರುವ ಹಿರಿಯರ ನೆನಪುಗಳನ್ನು ರೆಕಾರ್ಡ್ ಮಾಡಿ, ಯಾರು ಬೇಕಾದರೂ ಫೋನಿನಲ್ಲಿ ಕೇಳುವಂಥ ಪಾಡ್‌ಕಾಸ್ಟ್ ಮಾಡುವುದು ನನ್ನ ಆಸೆಯಾಗಿತ್ತು. ಡೈರಿಯಲ್ಲಿ ಇಪ್ಪತ್ತಮೂರು ಹೆಸರುಗಳಿದ್ದವು. ಪಟ್ಟಿ ಮುಗಿಯುವಷ್ಟರಲ್ಲೇ ಇಬ್ಬರು ತೀರಿಕೊಂಡು, ಆ ಹೆಸರುಗಳ ಮೇಲೆ ಗೀಟು ಬಿದ್ದಿತ್ತು.

"ನಂದೂ ಬರ್ಕೋ," ಎಂದರು ಸಾಹೇಬರು. "ನಮ್ಮೂರೂ ನೀರಡಿಗೇ ಹೋದ್ದು. ಆಗ ನಂಗೆ ಏಳು ವರ್ಷ. ಆದ್ರೆ ನಂದು ಕೊನೆಗಿರ್ಲಿ. ಮೊದ್ಲು ಹಾಸಿಗೆ ಹಿಡಿದೋರ್ದು ಮಾಡು."

ಖರ್ಚಿಗೆ ಏನು ದಾರಿ ಎಂದು ಕೇಳಿದರು. ಕ್ರೌಡ್ ಫಂಡಿಂಗ್ ಎಂದೆ. ಒಂದು ವೆಬ್‌ಸೈಟಿನಲ್ಲಿ ಕೆಲಸದ ವಿವರ ಹಾಕುತ್ತೇವೆ, ಇಷ್ಟಪಟ್ಟವರು ಕೈಲಾದಷ್ಟು ಕೊಡುತ್ತಾರೆ. ಮೂವತ್ತು ದಿನದಲ್ಲಿ ಎಂಬತ್ತು ಸಾವಿರ ಸೇರಬೇಕು. ಅಷ್ಟು ಸೇರದಿದ್ದರೆ ಎಲ್ಲವೂ ಕೊಟ್ಟವರಿಗೇ ವಾಪಸ್.

"ಅಂದ್ರೆ ಮುಯ್ಯಿ," ಎಂದರು. "ಮದುವೆ ಇಲ್ಲ, ಊಟ ಇಲ್ಲ, ಬರೀ ಮುಯ್ಯಿ. ನಾನು ಕೂಗ್ತೇನೆ ಬಿಡು."

ಲಿಂಕನ್ನು ಚೀಟಿಯಲ್ಲಿ ಬರೆದುಕೊಟ್ಟೆ. ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅವರು ಅದನ್ನು ಒಂದಕ್ಷರವೂ ಬಿಡದೆ ಕೂಗಿದರು. "ಎಚ್, ಟಿ, ಟಿ, ಪಿ... ಆಮೇಲೆ ಎರಡು ಓರೆ ಗೀಟು. ಮಹನೀಯರೇ, ಓರೆ ಗೀಟು ಮರೀಬೇಡಿ."

ಸೋಡಾ ಅಂಗಡಿಯವನು, "ಸಾಹೇಬ್ರೇ, ಮಗ್ಗಿ ಹೇಳ್ತಿದ್ದೀರಾ?" ಎಂದ.

"ಮಗ್ಗಿ ಬರೋರು ಮೊದ್ಲು ನೂರು ರೂಪಾಯಿ ಹಾಕಿ," ಎಂದು ಸಾಹೇಬರು ಹಾರ್ನಿನಲ್ಲೇ ಉತ್ತರ ಕೊಟ್ಟರು. ಇಡೀ ಸ್ಟ್ಯಾಂಡು ನಕ್ಕಿತು. ಎದುರು ಫೋನ್ ಹಿಡಿದರೆ ಸಾಕಾಗುವ ಸ್ಕ್ಯಾನ್ ಚೀಟಿಯನ್ನು ಆ ಸಂಜೆಯೇ ಆಟೋದ ಬೆನ್ನಿಗೆ ಅಂಟಿಸಿದೆ.

ನಾನು ಆಟೋದಲ್ಲಿ ಅವರ ಪಕ್ಕವೇ ಕೂತಿರುತ್ತಿದ್ದೆ. ಪೂರ್ತಿ ಸೇರದಿದ್ದರೆ ಹಣ ವಾಪಸ್ ಬರುತ್ತದೆ ಎಂಬ ಮಾತನ್ನು ಅವರು ಪ್ರತಿ ಸಲವೂ ಬಿಟ್ಟುಬಿಡುತ್ತಿದ್ದರು. ಕೇಳಿದ್ದಕ್ಕೆ, "ಕೊಡೋರ ಎದುರು ಮೊದ್ಲೇ ಸೋಲಿನ ಮಾತಾಡೋದಾ? ಛೆ," ಎಂದರು. ನಾನೂ ಸುಮ್ಮನಾದೆ.

ಮೂವತ್ತನೆಯ ದಿನದ ಲೆಕ್ಕ ಡೈರಿಯಲ್ಲಿದೆ: ನೂರ ನಲವತ್ತಮೂರು ಜನ, ಐವತ್ತೊಂದು ಸಾವಿರದ ನಾನೂರು ರೂಪಾಯಿ. ಸಾಲಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರ ಹಣವೂ ಅವರವರ ಖಾತೆಗೆ ಹಿಂತಿರುಗಿತು.

ಹಣ ಮರಳಿತಲ್ಲ, ಯಾರಿಗೂ ಬೇಸರವಿರಲಾರದು ಎಂದುಕೊಂಡಿದ್ದೆ. ಹತ್ತು ಗಂಟೆಗೆ ಹರಿಹರಪುರದಿಂದ ಬಟ್ಟೆ ಹೊಲಿಯುವ ಅಕ್ಕ ಫೋನ್ ಮಾಡಿದರು. "ನನ್ನ ಇನ್ನೂರು ರೂಪಾಯಿ ನಿಮ್ಗೆ ಕಮ್ಮಿ ಆಯ್ತಾ?" ಅವರ ತಂದೆಯ ಹೆಸರು ನನ್ನ ಪಟ್ಟಿಯಲ್ಲಿತ್ತು. ಕಿಗ್ಗದಲ್ಲಿ ಮಗಳ ಮನೆಯಲ್ಲಿದ್ದ ಅಜ್ಜಿ, ಸಾಹೇಬರ ಊರಿನವರೇ, ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಹಾಕಿದ ಮುಯ್ಯಿಯನ್ನು ತಿರುಗಿ ಕಳಿಸಿದವರ ಹತ್ತಿರ ಮಾತೇನು ಎಂಬುದು ಅವರ ಪ್ರಶ್ನೆ. ವಾರ ಮುಗಿಯುವಾಗ ಒಂಬತ್ತು ಮನೆಗಳವರು ಮಾತಾಡಲು ಒಲ್ಲೆ ಎಂದಿದ್ದರು. ದುಡ್ಡು ಇನ್ನೊಮ್ಮೆ ಕೂಡಿಸಬಹುದಿತ್ತು. ಈ ಜನ ಬಾಯಿ ಬಿಡದಿದ್ದರೆ ಆ ಊರುಗಳು ಎರಡನೆಯ ಸಲ ಮುಳುಗುತ್ತಿದ್ದವು.

"ನಾಳೆ ಮೈಕಿನಲ್ಲಿ ವಿಷಯ ಹೇಳಿಬಿಡಿ," ಎಂದೆ ಸಾಹೇಬರಿಗೆ.

"ತಪ್ಪೊಪ್ಪೋದು ಮೈಕಲ್ಲಿ ಅಲ್ಲ ಮಾರಾಯ್ತಿ. ಚಪ್ಪಲಿ ಹೊರಗೆ ಬಿಟ್ಟು ಹೇಳೋ ಮಾತು ಅದು. ಬಾ."

ಆರು ದಿನ ಆಟೋ ಕೆಲಸ ನಿಲ್ಲಿಸಿ, ನನ್ನ ಜೊತೆ ಬಸ್ಸು ಹತ್ತಿದರು. ಎಲ್ಲ ಮನೆಯಲ್ಲೂ ಒಂದೇ ಮಾತು: "ವಾಪಸ್ ಮಾಡಿದ್ದು ಈ ಹುಡುಗಿ ಅಲ್ಲ. ಪೂರ್ತಿ ಸೇರದಿದ್ರೆ ಹೀಗಾಗ್ತದೆ ಅಂತ ನಾನು ಕೂಗ್ಬೇಕಿತ್ತು, ಕೂಗ್ಲಿಲ್ಲ. ತಪ್ಪು ನಂದು." ನನ್ನ ಪಾಲಿನ ತಪ್ಪನ್ನೂ ಸೇರಿಸಿಯೇ ಹೇಳುತ್ತಿದ್ದರು. ನಾನು ಬಾಯಿ ತೆರೆದರೆ ಕಣ್ಣಲ್ಲೇ ತಡೆಯುತ್ತಿದ್ದರು.

ಕಿಗ್ಗದ ಅಜ್ಜಿ ಜಗಲಿಯಲ್ಲಿ ಕೂತು ಪೂರ್ತಿ ಕೇಳಿಸಿಕೊಂಡರು. "ಇಷ್ಟು ಜೋರು ಎಂತಕ್ಕೆ? ನನ್ನ ಕಿವಿ ಸಮ ಇದ್ದು," ಎಂದರು. ಸಾಹೇಬರ ಮುಖ ಕೆಂಪಾಯಿತು. ಅಜ್ಜಿ ರೆಕಾರ್ಡರ್ ಹಿಡಿದಿದ್ದ ನನ್ನ ಕಡೆ ತಿರುಗಿದರು. "ಕೂಸೇ, ಆ ಪೆಟ್ಟಿಗೆ ಹಚ್ಚು. ಮಾತಾದ್ರೆ ವಾಪಸ್ ಬರ್ತಿಲ್ಲೆ ಅಲ್ದಾ?"

ಎರಡನೆಯ ಸಲ ಮೂವತ್ತು ಸಾವಿರವನ್ನಷ್ಟೇ ಕೇಳಿದೆವು. ಸಾಹೇಬರು ಸೋಲಿನ ಮಾತನ್ನೇ ಮೊದಲು ಕೂಗಿ, ಆಮೇಲೆ ಉಳಿದದ್ದನ್ನು ಹೇಳಿದರು. ಇಪ್ಪತ್ತನಾಲ್ಕನೆಯ ದಿನಕ್ಕೆ ಹಣ ತುಂಬಿತು. ಆ ಒಂಬತ್ತು ಮನೆಗಳಲ್ಲಿ ಎಂಟು ಮತ್ತೆ ಕೊಟ್ಟಿದ್ದವು.

ಇಪ್ಪತ್ತು ಜನರ ಮಾತು ಮುಗಿದ ಮೇಲೆ ಅವರ ಸರದಿ ಬಂತು. ಅಂಗಡಿಯಲ್ಲೇ ಕೂತೆವು. "ಮಾನ್ಯ ಶ್ರೋತೃಗಳೇ" ಎಂದು ಶುರು ಮಾಡಿದರು. ದನಿ ಎಷ್ಟು ಜೋರಿತ್ತೆಂದರೆ ರೆಕಾರ್ಡರ್ ತಡೆಯಲಿಲ್ಲ. ಮೂರು ಸಲ ಅಳಿಸಿದೆ. ನಾಲ್ಕನೆಯ ಸಲ, ನಿಮ್ಮ ಮನೆಯ ಬಾವಿ ಎಲ್ಲಿತ್ತು ಎಂದಷ್ಟೇ ಕೇಳಿದೆ. ನಾನು ಅದುವರೆಗೆ ಕೇಳಿಯೇ ಇರದ ಸಣ್ಣ ದನಿಯಲ್ಲಿ ಹೇಳಿದರು: "ಹೊರಡೋ ದಿನ ಅಮ್ಮ ಬಾವಿ ಹಗ್ಗ ಅಲ್ಲೇ ಬಿಟ್ಟು ಬಂದ್ಲು. ಅಪ್ಪ ಬೈದ್ರು. ಯಾರಿಗಾದ್ರೂ ಬೇಕಾಗ್ತದೆ ಅಂದ್ಲು. ನೀರು ಬರೋದು ಅವ್ಳಿಗೂ ಗೊತ್ತಿತ್ತು." ಒಟ್ಟು ಹನ್ನೊಂದು ನಿಮಿಷ.

ಹಿನ್ನೀರು ಇಳಿದಾಗ ದಡದಲ್ಲೇ ಹಾರ್ನ್ ಕಟ್ಟಿ ಈ ಮಾತುಗಳನ್ನು ಎಲ್ಲರಿಗೂ ಕೇಳಿಸುವ ಎಂದಿದ್ದರು. ಅದಕ್ಕೆ ಅವರು ಉಳಿಯಲಿಲ್ಲ. ಆ ಮಳೆಗಾಲದ ಒಂದು ಬೆಳಿಗ್ಗೆ, ಚಹಾದ ಲೋಟ ಕೈಯಲ್ಲಿರುವಾಗಲೇ ಹೋದರು. ಈಗ ಕೊಪ್ಪದಲ್ಲಿ ತಿರುಗುವ ಆಟೋದಲ್ಲಿ ಮೊದಲೇ ರೆಕಾರ್ಡ್ ಮಾಡಿದ ದನಿ ಇರುತ್ತದೆ. ಸ್ಪಷ್ಟವಾಗಿಯೇ ಇದೆ. ಸೋಡಾ ಅಂಗಡಿಯವನು ಕೀಟಲೆ ಮಾಡಿದರೆ ಅದು ತಿರುಗಿ ಉತ್ತರ ಕೊಡುವುದಿಲ್ಲ. ಅವನೂ ಈಗ ಕೀಟಲೆ ಮಾಡುವುದನ್ನು ಬಿಟ್ಟಿದ್ದಾನೆ.

ಬೇಸಿಗೆಯಲ್ಲಿ ಅವರ ಹೆಂಡತಿ ಹಾರ್ನನ್ನು ಒರೆಸಿ ಕೊಟ್ಟರು. ಹಿನ್ನೀರು ಇಳಿದು ಬಿರುಕುಬಿಟ್ಟ ನೆಲದ ಮೇಲೆ ಅರವತ್ತೆರಡು ಜನ ಕೂತಿದ್ದರು. ಕಿಗ್ಗದ ಅಜ್ಜಿಯೂ ಜೀಪಿನಲ್ಲಿ ಬಂದಿದ್ದರು. ಸಾಹೇಬರ ಸರದಿ ಬಂದಾಗ ಇದು ಯಾರ ದನಿ ಎಂದು ಜನ ಪರಸ್ಪರ ಮುಖ ನೋಡಿಕೊಂಡರು. ಹಿಂದಿನಿಂದ ಯಾರೋ, "ಸ್ವಲ್ಪ ಜೋರು ಮಾಡಿ," ಎಂದರು. ಗುಂಡಿಯ ಮೇಲೆ ಕೈಯಿಟ್ಟಿದ್ದ ನಾನು ಅದನ್ನು ತಿರುಗಿಸಲಿಲ್ಲ. ಅವರು ಅಷ್ಟೇ ಮೆಲ್ಲಗೆ ಹೇಳಿದ್ದರು. ಸ್ವಲ್ಪ ಹೊತ್ತು ಕಾದು, ಹಿಂದೆ ಕೂತಿದ್ದವರು ಒಬ್ಬೊಬ್ಬರಾಗಿ ಎದ್ದು ಹಾರ್ನಿನ ಹತ್ತಿರ ಬಂದು ಕೂತರು.